ಸ್ಟುಟ್‌ಗಾರ್ಟಿನಲ್ಲಿ ಬೀಗರ ಜಗಳ

ಮರೀನ್‌ಪ್ಲಾಟ್ಸ್

ನನ್ನ ಫೋನಿನಲ್ಲಿರುವ ಸ್ಟುಟ್‌ಗಾರ್ಟಿನ ಚಿತ್ರಗಳಲ್ಲೆಲ್ಲ ಮೋಡ ಕವಿದಿದೆ. ನನ್ನ ನೆನಪಿನಲ್ಲಿ ಮಾತ್ರ ಬಿಸಿಲು ಸುರಿಯುತ್ತಿದೆ. ಎರಡರಲ್ಲಿ ಒಂದು ಸುಳ್ಳು. ಫೋನು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಆದರೆ ಅವತ್ತು ನನ್ನ ಕುತ್ತಿಗೆ ಸುಟ್ಟದ್ದು, ಐಸ್‌ಕ್ರೀಮು ಮೊಣಕೈವರೆಗೆ ಕರಗಿ ಇಳಿದದ್ದು ನನಗೆ ಗೊತ್ತು. ಹಾಗಾಗಿ ಬಿಸಿಲೆಂದೇ ಬರೆಯುತ್ತೇನೆ. ಓದುವವರು ಬೇಕಾದರೆ ಮೋಡ ಸೇರಿಸಿಕೊಳ್ಳಬಹುದು.

ಮರೀನ್‌ಪ್ಲಾಟ್ಸ್ ಎಂಬ ಚೌಕದಲ್ಲಿ ಐಸ್‌ಕ್ರೀಮಿನ ಸಾಲಿನಲ್ಲಿ ನಿಂತಿದ್ದೆ. ಜೊತೆಗೆ ಲವೀನಾ. ಮಂಗಳೂರಿನವಳು, ಮನೆಮಾತು ಕೊಂಕಣಿ, ಮೈಸೂರಿನ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವಳು. ಈಗ ಇಲ್ಲಿ ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾಳೆ. ನಾನು ಬಂದಿದ್ದೇ ಅವಳ ಮನೆಗೆ. ಕಟ್ಟೆಯ ಆಚೆ ಐಸ್‌ಕ್ರೀಮು ಬಡಿಸುತ್ತಿದ್ದವರು ಆಸುಂತಾ ಎಂಬ ಇಟಲಿಯ ಹೆಂಗಸು. ಲವೀನಾಳ ಮನೆಯ ಕೆಳಮಹಡಿಯಲ್ಲಿ ವಾಸ. ನಮ್ಮ ಮುಂದಿದ್ದ ಗಿರಾಕಿ ಒಬ್ಬ ನರ್ಸು. ಅವರಿಬ್ಬರ ಮಾತು ಎಷ್ಟು ಜೋರಾಗಿ ಏರಿತ್ತೆಂದರೆ ಸಾಲು ಸರಿಯುವುದೇ ನಿಂತಿತ್ತು. ಜರ್ಮನರು ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಏನಂತೆ?" ಎಂದೆ.

"ನರ್ಸ್‌ನ ಅತ್ತೆ ಬರ್ತಾಳಂತೆ, ಒಂದು ತಿಂಗಳಿಗೆ. ಆಸುಂತಾ ಉಪಾಯ ಹೇಳಿಕೊಡ್ತಿದ್ದಾಳೆ. ಆದ್ರೆ ಅದು ಬಿಡು, ಇಬ್ಬರೂ ಬೇರೆ ಬೇರೆ ಭಾಷೆ ಮಾತಾಡ್ತಿದ್ದಾರೆ, ಗೊತ್ತಾಯ್ತಾ? ಆಸುಂತಾಂದು ಇಟಾಲಿಯನ್. ಅವಳದ್ದು ಸ್ಪ್ಯಾನಿಶ್. ಒಬ್ಬರದ್ದು ಇನ್ನೊಬ್ಬರಿಗೆ ಬರುದಿಲ್ಲ."

"ಬರಲ್ಲ ಅಂದ್ರೆ ಏನೇ? ಅತ್ತೇನ ಬಯ್ಯೋ ಅಷ್ಟು ಬರ್ತಿದೆಯಲ್ಲ!"

"ಅರ್ಥ ಆಗ್ತದೆ ಮಾರಾಯ್ತಿ. ಮಾತಾಡ್ಲಿಕ್ಕೆ ಬರುದಿಲ್ಲ. ಬರ್ಬೇಕು ಅಂತ ಸಹ ಇಲ್ಲ."

ಬರಬೇಕು ಅಂತ ಇಲ್ಲ! ಕೋಲಾರದಲ್ಲಿ ಹುಟ್ಟಿದ ನನಗೆ ಇದು ಜೀರ್ಣವಾಗಲಿಲ್ಲ. ನಮ್ಮ ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಚಿಕ್ಕಪ್ಪನ ನಾಲಿಗೆ ಅತ್ತ ವಾಲಿರುತ್ತಿತ್ತು. ಉಟ್ಟ ಸೀರೆ, ಇಟ್ಟ ಬೊಟ್ಟು ನೋಡಿ ತೆಲುಗೋ ತಮಿಳೋ ಉರ್ದುವೋ ಎಂದು ಲೆಕ್ಕ ಹಾಕಿ, ಅವರು ಬಾಯಿ ತೆರೆಯುವ ಮೊದಲೇ ಅವರ ಭಾಷೆಗೆ ಹೊರಳುತ್ತಿದ್ದರು. ಎದುರಿನವರ ಮಾತಿಗೆ ಹೊರಳುವುದೇ ನಮ್ಮಲ್ಲಿ ಮರ್ಯಾದೆ. ಇಬ್ಬರೂ ಸಮಾನ ಮರ್ಯಾದಸ್ಥರಾದರೆ ಕನ್ನಡದವರು ತೆಲುಗಿನಲ್ಲಿ, ತೆಲುಗಿನವರು ಕನ್ನಡದಲ್ಲಿ ಮಾತಾಡಿ ಇಬ್ಬರೂ ತಪ್ಪು ತಪ್ಪಾಗಿ ವ್ಯಾಪಾರ ಮುಗಿಸುತ್ತಿದ್ದರು. ಇಲ್ಲಿ ನೋಡಿದರೆ ಇಬ್ಬರೂ ತಮ್ಮ ತಮ್ಮ ಜಾಗದಿಂದ ಒಂದಿಂಚು ಕದಲದೆ, ಚೆಂಡು ಎಸೆದು ಹಿಡಿದ ಹಾಗೆ ಮಾತಾಡುತ್ತಿದ್ದಾರೆ. ನನಗೆ ಎಷ್ಟು ಉಮೇದು ಬಂತೆಂದರೆ, ನನ್ನ ಸರದಿ ಬಂದಾಗ ಆಸುಂತಾರ ಹತ್ತಿರ ನಾನೂ ಕನ್ನಡದಲ್ಲೇ ಕೇಳಿದೆ: "ಅಮ್ಮಾ, ಒಂದು ನಿಂಬೆಹಣ್ಣಿಂದು ಕೊಡಿ."

ಆಸುಂತಾ ನನ್ನನ್ನು ಕರುಣೆಯಿಂದ ನೋಡಿ ಪಿಸ್ತಾ ಕೊಟ್ಟರು. ಮೊಣಕೈವರೆಗೆ ಇಳಿದದ್ದು ಅದೇ.

ಹಲ್ಲಿನ ರೈಲು

ಮರೀನ್‌ಪ್ಲಾಟ್ಸ್‌ನಿಂದ ಲವೀನಾಳ ಮನೆಯಿರುವ ಗುಡ್ಡಕ್ಕೆ ಒಂದು ಪುಟ್ಟ ಹಳದಿ ರೈಲು ಹತ್ತುತ್ತದೆ. ಹಳಿಗಳ ನಡುವೆ ಹಲ್ಲುಗಳಿವೆ. ಚಕ್ರ ಅವನ್ನು ಕಚ್ಚಿಕೊಂಡು ಮೇಲೇರುತ್ತದೆ. ಕೆಳಗೆ ಕೆಂಪು ಹೆಂಚುಗಳು, ಇಳಿಜಾರಿನ ದ್ರಾಕ್ಷಿ ತೋಟ, ದೂರದಲ್ಲಿ ಎಲ್ಲರಿಗೂ ಅನ್ನ ಕೊಡುವ ಕಾರುಗಳ ಊರು.

ಅಲ್ಲಿ ನಮ್ಮ ಜೊತೆ ಮಿಹೇಲಾ ಹತ್ತಿದಳು. ಅಥವಾ ಅವಳು ಸಿಕ್ಕಿದ್ದು ಮಾರನೇ ದಿನವೋ ಏನೋ. ಎರಡು ಪ್ರಯಾಣಗಳನ್ನು ನನ್ನ ತಲೆ ಒಂದಾಗಿ ಹೊಲಿದಿದೆ. ಮಿಹೇಲಾ ರೊಮೇನಿಯಾದವಳು, ಲವೀನಾಳ ಆಫೀಸಿನಲ್ಲಿ ಪಕ್ಕದ ಮೇಜಿನವಳು. ಮದುವೆಯಾಗಲಿರುವ ಹುಡುಗ ತಿಯಾಗೊ ಪೋರ್ಚುಗಲ್‌ನವನು. ಇಬ್ಬರೂ ತಮ್ಮತಮ್ಮಲ್ಲಿ ಮಾತಾಡುವುದು ಜರ್ಮನ್.

ಇಟಾಲಿಯನ್, ಸ್ಪ್ಯಾನಿಶ್, ಪೋರ್ಚುಗೀಸ್, ರೊಮೇನಿಯನ್ ಎಲ್ಲವೂ ಲ್ಯಾಟಿನ್ ಎಂಬ ಒಬ್ಬಳೇ ತಾಯಿಯ ಮಕ್ಕಳೆಂದು ನಾನೂ ಓದಿದ್ದೆ. ಹಾಗಾದರೆ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆಯೇ ಎಂದು ಮಿಹೇಲಾಳನ್ನು ಕೇಳಿದೆ. ಅವಳು ನಕ್ಕಳು.

"ನಮಗೆ ಇಟಾಲಿಯನ್ನರು ಅರ್ಥ ಆಗ್ತಾರೆ, ಅವರಿಗೆ ನಾವು ಆಗಲ್ಲ. ತಿಯಾಗೊನ ಕಡೆಯವರಿಗೆ ಸ್ಪೇನಿನವರು ಅರ್ಥ ಆಗ್ತಾರೆ, ಸ್ಪೇನಿನವರು ಇವರ ಮಾತು ಕೇಳಿ ಕಿವಿ ಮುಂದೆ ಚಾಚ್ತಾರೆ. ಬಾಗಿಲು ಒಂದೇ ಕಡೆ ತೆರೆಯತ್ತೆ."

"ನಮ್ಮ ತುಳು ಜನ ಇದ್ದ ಹಾಗೆ," ಎಂದಳು ಲವೀನಾ ನನ್ನ ಕಡೆ ತಿರುಗಿ. "ಅವರಿಗೆ ಕನ್ನಡ ಪೂರಾ ತಿಳೀತದೆ, ನಿಮಗೆ ತುಳು ಒಂದಕ್ಷರ ತಿಳಿಯುದಿಲ್ಲ. ಚಿಕ್ಕ ಮನೆಯವರಿಗೆ ದೊಡ್ಡ ಮನೆಯ ಗುಟ್ಟೆಲ್ಲ ಗೊತ್ತಿರ್ತದೆ, ಅಲ್ವಾ?"

ಆಮೇಲೆ ಮಿಹೇಲಾ ತನ್ನ ಸಂಕಟ ಹೇಳಿದಳು. ತಿಯಾಗೊನ ತಂದೆ ಜೋಕಿಂ ಅವರದ್ದು ಪೋರ್ಚುಗಲ್‌ನ ಉತ್ತರದಲ್ಲೊಂದು ಬೇಕರಿ. ಅವರಿಗೆ ಇನ್ನು ಒಲೆಯ ಮುಂದೆ ನಿಲ್ಲಲಾಗದು. ಮಗ, ಸೊಸೆ ಬಂದು ನಡೆಸುವುದಾದರೆ ಸರಿ, ಇಲ್ಲದಿದ್ದರೆ ಮಾರಿಬಿಡುತ್ತಾರೆ. ಮಿಹೇಲಾಳಿಗೆ ಹೋಗುವ ಆಸೆ ಬಹಳವಿತ್ತು. "ನಾನು ವರ್ಷಗಟ್ಟಲೆ ಕಾರಿನ ಬಾಗಿಲ ಬೀಗಕ್ಕೆ ಕೋಡ್ ಬರೆದಿದ್ದೀನಿ. ಬೆಳಿಗ್ಗೆ ಮಾಡಿ ಸಂಜೆಗೆ ಖಾಲಿಯಾಗೋ ಒಂದು ವಸ್ತು ಮಾಡಬೇಕು ಅಂತ ಆಸೆ," ಎಂದಳು. ಆದರೆ ಅವಳ ತಾಯಿ ವಿಯೊರಿಕಾ ಒಪ್ಪುತ್ತಿಲ್ಲ. ಜರ್ಮನಿಗೆ ಬರುವಾಗ ಮಿಹೇಲಾ ತಾಯಿಯ ಮಾತು ಮೀರಿ ಬಂದಿದ್ದಳು. ಆಮೇಲೆ ತಾಯಿ ಬಹಳ ಕಾಲ ಫೋನೇ ಎತ್ತಲಿಲ್ಲ. "ಇನ್ನೊಂದು ಸಲ ಹಾಗೆ ಹೋಗಲಾರೆ. ಅವರು ಹೂಂ ಅನ್ನಬೇಕು. ಇಲ್ಲದಿದ್ದರೆ ಬೇಕರಿ ಇಲ್ಲ." ಭಾನುವಾರ ಬೀಗರಿಬ್ಬರೂ ಮೊದಲ ಸಲ ಮುಖಾಮುಖಿಯಾಗುವುದು ಲವೀನಾಳ ಮನೆಯ ಹಿಂದಿನ ಅಂಗಳದಲ್ಲಿ.

ರೈಲು ಹಲ್ಲು ಕಚ್ಚಿಕೊಂಡು ಏರುತ್ತಿತ್ತು. ಮಿಹೇಲಾ ಕಿಟಕಿಯ ಕಡೆ ನೋಡುತ್ತಿದ್ದಳು. ಲವೀನಾಳ ಕಣ್ಣು ಮಾತ್ರ ಹೊಳೆಯತೊಡಗಿತ್ತು. ಆ ಹೊಳಪು ನನಗೆ ಹಾಸ್ಟೆಲ್ಲಿನಿಂದ ಗೊತ್ತು. ಅದಕ್ಕೆ ನಾನು ಹೆದರುತ್ತೇನೆ.

ಶನಿವಾರ, ಮೆಟ್ಟಿಲು

ಈ ಸೀಮೆಯಲ್ಲಿ ಒಂದು ಪದ್ಧತಿಯಿದೆ, ಕೇರ್‌ವೊಖೆ. ವಾರಕ್ಕೊಂದು ಮನೆಯವರು ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸಬೇಕು. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ಬಂದು ನೇತಾಡುತ್ತದೆ. ಆ ವಾರ ಅದು ಲವೀನಾಳ ಬಾಗಿಲಲ್ಲಿತ್ತು. ನಾನು ಸಹಾಯಕ್ಕೆ ನಿಂತು, ನಮ್ಮೂರಿನ ಅಭ್ಯಾಸದಂತೆ ಮೇಲಿನ ಮೆಟ್ಟಿಲಿನಿಂದ ಒಂದು ಬಕೆಟ್ ನೀರು ಧಾರಾಳವಾಗಿ ಸುರಿದೆ. ಮರದ ಮೆಟ್ಟಿಲು. ಮೂರನೇ ಮಹಡಿಯ ಹೆರ್ ಹೆಫೆಲೆ ತಮ್ಮ ಚಪ್ಪಲಿ ತೇಲಿ ಹೋಗುವುದನ್ನು ನಿಂತು ನೋಡಿದರು.

"ನೀರು ಹಾಕಿ ತೊಳೀಲಿಕ್ಕೆ ಇದು ನಿಮ್ಮ ಮನೆ ಜಗಲಿಯಾ!" ಎಂದು ಲವೀನಾ ಬಟ್ಟೆ ಹಿಂಡುತ್ತ ಬೈದಳು. ಒರೆಸುತ್ತಲೇ ತನ್ನ ಯೋಜನೆ ಬಿಚ್ಚಿದಳು. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಗಂಡು ಹೆಣ್ಣಿನ ಮನೆಗಳ ನಡುವೆ ಮಾತು ದಾಟಿಸುವವನಿಗೆ ರೊಯ್ಬಾರಿ ಎನ್ನುತ್ತಾರೆ. ಲವೀನಾಳ ಅಜ್ಜಿಯ ಅಣ್ಣ ಹೆಸರಾಂತ ರೊಯ್ಬಾರಿ.

"ಅವರು ಮಾಡಿಸಿದ ಒಂದು ಮದುವೆ ಸಹ ಮುರಿಯಲಿಲ್ಲ. ಯಾಕೆ ಗೊತ್ತುಂಟಾ? ಈ ಮನೆಯ 'ಇಲ್ಲ' ಆ ಮನೆಗೆ ಯಾವತ್ತೂ ಮುಟ್ಟಿಸ್ಲಿಲ್ಲ. ದಾರಿಯಲ್ಲೇ ಅದು 'ನೋಡುವಾ' ಆಗ್ತಿತ್ತು."

"ನಮ್ ಕಡೇನೂ ಅಷ್ಟೇ ಕಣೇ. 'ಯೋಚನೆ ಮಾಡಿ ಹೇಳ್ತಾರಂತೆ' ಅನ್ನೋದು."

"ಹಾಂ! ನಾಳೆ ನಾನೇ ರೊಯ್ಬಾರಿ."

ಲವೀನಾ ಆಫೀಸಿನ ಕೆಲಸದ ಮೇಲೆ ಪೋರ್ಚುಗಲ್‌ನಲ್ಲಿದ್ದು ಬಂದವಳು, ಆ ಭಾಷೆ ಬಲ್ಲಳು. ರೊಮೇನಿಯನ್ ಬಾರದು. ಹಾಗಾಗಿ ಏರ್ಪಾಡು ಹೀಗೆ: ತಾಯಿ ಹೇಳಿದ್ದನ್ನು ಮಿಹೇಲಾ ಜರ್ಮನ್‌ನಲ್ಲಿ ಲವೀನಾಳ ಕಿವಿಗೆ ಹಾಕಬೇಕು, ಲವೀನಾ ಅದನ್ನು ಪೋರ್ಚುಗೀಸ್ ಮಾಡಿ ಜೋಕಿಂ ಅವರಿಗೆ ದಾಟಿಸಬೇಕು. ತಿಯಾಗೊ ಮಾಂಸ ಸುಡುತ್ತ ಬಾಯಿ ಮುಚ್ಚಿಕೊಂಡಿರಬೇಕು. ಮದುವೆಗಂಡು ಹಿರಿಯರ ನಡುವೆ ಮಾತಾಡಬಾರದು. ಈ ಏರ್ಪಾಡು ಅದ್ಭುತವೆಂದು ನನಗೆ ಅನ್ನಿಸಿತು. ಇಲ್ಲ ಎಂಬ ಮಾತು ಮೂರು ಭಾಷೆಗಳ ಜರಡಿಯಲ್ಲಿ ಸೋಸಿ ಬರುವಷ್ಟರಲ್ಲಿ ಎಷ್ಟು ನಯವಾಗಿರಬೇಡ!

ಭಾನುವಾರ, ಅಂಗಳ

ವಿಯೊರಿಕಾ ಗಿಡ್ಡ ಹೆಂಗಸು. ಗಡಿಗಳ ಮೇಲೆ ಗಡಿ ದಾಟುವ ಬಸ್ಸಿನಲ್ಲಿ ಬಂದವರು, ಕಾಲು ಇನ್ನೂ ಊದಿಕೊಂಡಿತ್ತು. ಬರುವಾಗ ತಮ್ಮೂರಿನ ಒಂದು ದುಂಡನೆಯ ಬ್ರೆಡ್ಡು ತಂದಿದ್ದರು. ಜೋಕಿಂ ಎತ್ತರದ ಆಳು, ಕೈಗಳು ಮೊರದಷ್ಟು ಅಗಲ. ಅಂಗಡಿ ನೋಡಿಕೊಳ್ಳಲು ಹೆಂಡತಿಯನ್ನು ಊರಲ್ಲೇ ಬಿಟ್ಟು ಒಬ್ಬರೇ ಬಂದಿದ್ದರು. ಅವರೂ ಒಂದು ಬ್ರೆಡ್ಡು ತಂದಿದ್ದರು. ಎರಡೂ ಮೇಜಿನ ಮೇಲೆ, ಪೈಲ್ವಾನರ ಹಾಗೆ, ಎದುರುಬದುರು ಕೂತವು.

"ಊರಲ್ಲಿ ನಮ್ಮ ಚರ್ಚಿನ ವಾರ್ಡಿನಲ್ಲೇ ಐದಾರು ಜೋಕಿಂ ಇದ್ದಾರೆ," ಎಂದು ಲವೀನಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಇವರನ್ನು ನೋಡಿದ್ರೆ ಚರ್ಚಿನ ಗಂಟೆ ಹೊಡೆಯುವವರ ನೆನಪಾಗ್ತದೆ." ನಾನೂ ನನ್ನ ಕೊಡುಗೆ ಸಲ್ಲಿಸಿದೆ: ಪೋರ್ಚುಗೀಸರಿಂದ ನಮಗೆ ಬಂದ ಮಾತುಗಳೆಂದು ಕೇಳಿದ್ದ "ಚಾವಿ, ಬಟಾಟೆ, ಇಸ್ತ್ರಿ" ಮೂರನ್ನೂ ಒಂದೇ ಉಸಿರಿನಲ್ಲಿ ಜೋಕಿಂ ಅವರಿಗೆ ಹೇಳಿದೆ. ಅವರು ಬಹಳ ಗಂಭೀರವಾಗಿ ತಲೆಯಾಡಿಸಿದರು.

ಮಾತು ಶುರುವಾಯಿತು. ಜೋಕಿಂ ಬೇಕರಿಯ ಬಗ್ಗೆ, ಅದರ ಮೇಲಿನ ಮನೆಯ ಬಗ್ಗೆ, ಸಮುದ್ರದ ಗಾಳಿಯ ಬಗ್ಗೆ ಹೇಳಿದರು. ಅದು ಲವೀನಾ, ಮಿಹೇಲಾ ಇಬ್ಬರನ್ನೂ ದಾಟಿ ವಿಯೊರಿಕಾರನ್ನು ಮುಟ್ಟಿತು. ವಿಯೊರಿಕಾ ಉದ್ದಕ್ಕೆ ಉತ್ತರಿಸಿದರು, ಕೊನೆಯಲ್ಲಿ ಅಂಗೈಯನ್ನು ಮೇಜಿಗೆ ಒತ್ತಿ, "ನು. ನು ಶಿ ನು," ಎಂದರು. ಮಿಹೇಲಾಳ ಮುಖ ಬಿಳಿಚಿಕೊಂಡಿತು. ಆದರೂ ಹುಡುಗಿ ಅಕ್ಷರಶಃ ಜರ್ಮನ್‌ಗೆ ತಂದಳು: ಇಲ್ಲ, ಇಲ್ಲ, ಇಲ್ಲವೇ ಇಲ್ಲ; ಅಷ್ಟು ದೂರ ಕಳಿಸುವುದಿಲ್ಲ.

ಲವೀನಾ ಗಂಟಲು ಸರಿಪಡಿಸಿಕೊಂಡಳು. ಅಜ್ಜಿಯ ಅಣ್ಣ ಅವಳ ಮೈಮೇಲೆ ಬಂದಂತಿತ್ತು. ನಗುನಗುತ್ತ ಪೋರ್ಚುಗೀಸ್‌ನಲ್ಲಿ ಏನೋ ಹೇಳಿದಳು, ಆಮೇಲೆ ನನಗೆ ಕನ್ನಡದಲ್ಲಿ: "ಸಮುದ್ರದ ಗಾಳಿ ಅಂದ್ರೆ ಅವರಿಗೆ ಇಷ್ಟವಂತೆ, ಸ್ವಲ್ಪ ಟೈಮ್ ಬೇಕಂತೆ ಅಂದೆ." ನಾನು ಮೇಜಿನ ಕೆಳಗೆ ಅವಳ ಕೈ ಕುಲುಕಿದೆ.

ಜೋಕಿಂ ಗ್ಲಾಸು ಕೆಳಗಿಟ್ಟರು. ಲವೀನಾಳನ್ನೂ ವಿಯೊರಿಕಾರನ್ನೂ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದ ಮಾತನ್ನು ನನಗೆ ಯಾರೂ ಅನುವಾದಿಸಬೇಕಾಗಿರಲಿಲ್ಲ. "ಸೆನ್ಯೋರಾ," ಎಂದು ಲವೀನಾಳಿಗೆ ಹೇಳಿ, ವಿಯೊರಿಕಾರ ಅಂಗೈ ಒತ್ತಿದ್ದ ಜಾಗಕ್ಕೇ ತಮ್ಮ ದೊಡ್ಡ ಅಂಗೈ ಒತ್ತಿ, "ನಾಂವ್. ನಾಂವ್ ಇ ನಾಂವ್," ಎಂದರು. ಆಕೆ ಇಲ್ಲ ಅಂದರು. ಇಲ್ಲ ಮತ್ತು ಇಲ್ಲ.

ಲವೀನಾ ಕೆಂಪಾದಳು. ನಾನು ಎರಡು ಬ್ರೆಡ್ಡುಗಳನ್ನು ನೋಡುತ್ತ ಕೂತೆ. ಎದುರಿಗೆ ಕೂತವರಿಗೆ ಅರ್ಧದಷ್ಟಾದರೂ ತಿಳಿದೇ ತಿಳಿಯುತ್ತದೆ ಎಂಬುದನ್ನು ಐಸ್‌ಕ್ರೀಮಿನ ಸಾಲಿನಲ್ಲೇ ಕಣ್ಣಾರೆ ಕಂಡಿದ್ದ ನಾನೇ ಮರೆತಿದ್ದೆ. ನಡುವಿನವರು ಸುಳ್ಳು ಹೇಳಬೇಕಾದರೆ ಎರಡು ಮನೆಗಳ ನಡುವೆ ಕನಿಷ್ಠ ಒಂದು ಹೊಳೆಯಾದರೂ ಇರಬೇಕು. ಇಲ್ಲಿದ್ದದ್ದು ಒಂದು ಮೇಜು.

ಮೊದಲು ನಕ್ಕವರು ವಿಯೊರಿಕಾ ಎಂದು ನನ್ನ ನೆನಪು. ಲವೀನಾ ಈಗಲೂ ಜೋಕಿಂ ಎನ್ನುತ್ತಾಳೆ. ಅದೇನೇ ಇರಲಿ, ವಿಯೊರಿಕಾ ತಮ್ಮ ಕುರ್ಚಿಯನ್ನು ಎಳೆದು ಜೋಕಿಂ ಅವರ ಎದುರಿಗೇ ಹಾಕಿಕೊಂಡರು. ರೊಯ್ಬಾರಿಯ ನೌಕರಿ ಅಲ್ಲಿಗೆ ಹೋಯಿತು.

ಅದೇ ಭಾನುವಾರ, ಮೇಲಿನ ಬಾಲ್ಕನಿ

ಮುಂದಿನದ್ದನ್ನು ನಾನು ಕ್ರಮವಾಗಿ ಹೇಳಲಾರೆ. ಕ್ರಮವಾಗಿ ಹೇಳಿದರೆ ಅದು ಸುಳ್ಳಾಗುತ್ತದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಗದ್ದಲ ಕೇಳಿ ಆಸುಂತಾ ಕೆಳಮಹಡಿಯಿಂದ ಒಂದು ಡಬ್ಬಿ ಐಸ್‌ಕ್ರೀಮಿನೊಂದಿಗೆ ಬಂದು ನಡುವೆ ಕೂತರು. ವಿಯೊರಿಕಾರಿಗೆ ಆಸುಂತಾರ ಇಟಾಲಿಯನ್ ಚೆನ್ನಾಗಿ ತಿಳಿಯುತ್ತಿತ್ತು. ಆಸುಂತಾರಿಗೆ ಜೋಕಿಂ ಅವರದ್ದು ಅರೆಬರೆ. ಜೋಕಿಂ ಅವರಿಗೆ ಇಬ್ಬರದ್ದೂ ಅಷ್ಟಿಷ್ಟು. ನಿಧಾನವಾಗಿ, ಮಕ್ಕಳಿಗೆ ಹೇಳಿದ ಹಾಗೆ, ಒಂದು ಮಾತು ತಿಳಿಯದಿದ್ದರೆ ಅದರ ಅಣ್ಣನನ್ನೋ ತಮ್ಮನನ್ನೋ ಹುಡುಕಿ ಮುಂದಿಡುತ್ತಿದ್ದರು. ಮಿಹೇಲಾ ಸಹಾಯ ಮಾಡಲು ಬಾಯಿ ತೆರೆದಾಗಲೆಲ್ಲ ತಾಯಿ ಕೈಯೆತ್ತಿ ತಡೆಯುತ್ತಿದ್ದರು. ಬ್ರೆಡ್ಡಿಗೆ ಒಬ್ಬರು ಪುಯ್ನೆ ಎಂದರು, ಒಬ್ಬರು ಪಾನೆ ಎಂದರು, ಜೋಕಿಂ ಪಾಂವ್ ಎಂದಾಗ ಲವೀನಾ ತಡೆಯಲಾರದೆ, "ನಾವು ಸಹ ಪಾಂವ್ ಅಂತಲೇ ಹೇಳುದು!" ಎಂದು ಕಿರುಚಿದಳು. ಯಾರೂ ಅವಳ ಕಡೆ ನೋಡಲಿಲ್ಲ. ಅವಳಿಗೆ ಶಿಕ್ಷೆ ಇನ್ನೂ ಮುಗಿದಿರಲಿಲ್ಲ.

ವಿಯೊರಿಕಾ ಹೇಳಿದರು: ನಾನು ಊರಲ್ಲಿ ಸತ್ತರೆ ಇವಳಿಗೆ ತಿಳಿಯುವುದಿಲ್ಲ. ಜೋಕಿಂ ಮೇಜು ಗುದ್ದಿದರು: ಯಾರೂ ಸಾಯುವುದಿಲ್ಲ! ಆಸುಂತಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಸಾಯುವುದಕ್ಕೆ ಮೂವರಲ್ಲೂ ಒಂದೇ ಮಾತು, ನನಗೂ ಕೇಳಿಸಿತು.

ಅಷ್ಟರಲ್ಲಿ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹೆರ್ ಹೆಫೆಲೆ ಕಾಣಿಸಿಕೊಂಡರು. ಜರ್ಮನಿಯಲ್ಲಿ ಭಾನುವಾರ ಮೌನದ ದಿನ, ಗೋಡೆಗೆ ಮೊಳೆ ಕೂಡ ಹೊಡೆಯುವಂತಿಲ್ಲ. ಅವರು ಬಾಗಿ ವಿನಯದಿಂದ ಕೇಳಿದರು: "ಫ್ರೌ ಲವೀನಾ, ನಾನು ಯಾರನ್ನಾದರೂ ಕರೆಯಬೇಕೇ? ಜಗಳ ಆಗುತ್ತಿದೆಯೇ?"

ಮೂವರು ಹಿರಿಯರೂ ಒಟ್ಟಿಗೆ ತಲೆಯೆತ್ತಿ, ಮೂರು ಭಾಷೆಯಲ್ಲಿ ಒಂದೇ ಗಂಟಲಿನಿಂದ, ಇಲ್ಲ ಎಂದರು. ಹೆರ್ ಹೆಫೆಲೆ ಒಳಗೆ ಹೋದರು. ಬಾಗಿಲು ಮಾತ್ರ ಮುಚ್ಚಲಿಲ್ಲ. ಕೇಳಿಸಿಕೊಳ್ಳುತ್ತಿದ್ದರೆಂದು ನನ್ನ ಗುಮಾನಿ.

ಆ ಅಡ್ಡಿಯಿಂದಲೋ ಏನೋ ಅಂಗಳ ಒಂದು ಕ್ಷಣ ತಣ್ಣಗಾಯಿತು. ಆಗ ವಿಯೊರಿಕಾ ತಮ್ಮ ನಿಜವಾದ ಮಾತು ಹೇಳಿದರು. ಸಣ್ಣ ದನಿಯಲ್ಲಿ, ಜೋಕಿಂ ಅವರಿಗೆ. ಅದರಲ್ಲಿ ವೊರ್ಬೆಸ್ಕ್ ಎಂಬೊಂದು ಶಬ್ದ ಮತ್ತೆ ಮತ್ತೆ ಬಂತು. ಜೋಕಿಂ ಹುಬ್ಬು ಗಂಟಿಕ್ಕಿದರು. ಆಸುಂತಾ ತುಟಿ ಚಾಚಿದರು. ಇಬ್ಬರಿಗೂ ತಿಳಿಯಲಿಲ್ಲ. ವಿಯೊರಿಕಾ ತಮ್ಮ ಬಾಯಿ ಮುಟ್ಟಿ ತೋರಿಸಿದರು. ಊಟದ ಮಾತೆಂದು ತಿಳಿದ ಜೋಕಿಂ ಬ್ರೆಡ್ಡು ಮುಂದೆ ನೂಕಿದರು. ಮಗಳ ಮನೆಯಲ್ಲಿ ತಿನ್ನಲು ಕೊರತೆಯೇ? ಆಕೆ ತಲೆಯಲ್ಲಾಡಿಸಿ, ಹಕ್ಕಿ ಕೊಕ್ಕಿನ ಹಾಗೆ ಬೆರಳುಗಳನ್ನು ಬಾಯಿಯ ಮುಂದೆ ತೆರೆದು ಮುಚ್ಚಿ ತೋರಿಸಿದರು. ಮಾತು. ನಾನು ಅಲ್ಲಿಗೆ ಬಂದರೆ ಯಾರ ಜೊತೆ ಮಾತಾಡಲಿ?

ಮಿಹೇಲಾ ಆಮೇಲೆ ನನಗೆ ಪೂರ್ತಿ ಹೇಳಿದಳು. ತಾಯಿ ಜರ್ಮನಿಗೆ ಬಂದಾಗಲೆಲ್ಲ ಮಗಳು ಆಫೀಸಿಗೆ ಹೋದ ಮೇಲೆ ಮೂಕಿಯಂತೆ ಕೂರುತ್ತಿದ್ದರಂತೆ. ಅಂಗಡಿಯಲ್ಲಿ ಬೆರಳು ತೋರಿಸಿ ಹಾಲು ಕೊಳ್ಳುವುದು. ಮುಂದೆ ಮೊಮ್ಮಕ್ಕಳು ಹುಟ್ಟಿದರೆ ಅವರಿಗೂ ಬೆರಳು ತೋರಿಸಬೇಕೇ? ಪೋರ್ಚುಗಲ್ ಅಂದರೆ ಇನ್ನೊಂದು ಜರ್ಮನಿ, ಇನ್ನೂ ದೂರದ್ದು. ಅವರ ಭಯ ದೂರದ್ದಲ್ಲ. ಮೌನದ್ದು.

ಈ ಮೂವರಿಗೆ ಸಾಯುವುದಕ್ಕೆ ಒಂದೇ ಮಾತು, ಬ್ರೆಡ್ಡಿಗೆ ಒಂದೇ ಮಾತು. ಮಾತಾಡುವುದಕ್ಕೆ ಮಾತ್ರ ಮೂರು ಬೇರೆ ಬೇರೆ ಮಾತು. ಆದರೂ ಆ ಹಕ್ಕಿಯ ಕೊಕ್ಕು ಕಂಡದ್ದೇ ಜೋಕಿಂ ಎದ್ದು ನಿಂತರು. ಅವರ ಒಂದೊಂದು ಶಬ್ದವನ್ನೂ ಲವೀನಾ ಈಗ ಯಾರೂ ಕೇಳದಿದ್ದರೂ ನನಗೆ ಕನ್ನಡದಲ್ಲಿ ಹಾಕುತ್ತಿದ್ದಳು, ಇದ್ದದ್ದು ಇದ್ದ ಹಾಗೆ: "ಯಾರ ಜೊತೆಯಾ? ಮಧ್ಯಾಹ್ನದಿಂದ ನೀವು ಯಾರನ್ನು ಬೈತಿದ್ದೀರಿ? ಈ ಗೋಡೆಯನ್ನಾ? ನನ್ನ ಹೆಂಡತಿ ನನಗಿಂತ ಜಾಸ್ತಿ ಮಾತಾಡ್ತಾಳೆ. ನಮ್ಮ ಬೀದಿಯ ಹೆಂಗಸರು ಅವಳಿಗಿಂತ ಜಾಸ್ತಿ. ಅಂಗಡಿಗೆ ಬಂದು ಒಂದು ಬ್ರೆಡ್ಡು ತಗೊಂಡು ಅರ್ಧ ದಿನ ನಿಲ್ತಾರೆ. ನಿಮಗೆ ಬಾಯಿ ನೋವು ಬರ್ತದೆ, ಸೆನ್ಯೋರಾ!"

ಎಷ್ಟು ತಿಳಿಯಿತೋ ವಿಯೊರಿಕಾರಿಗೆ. ಅರ್ಧವಿರಬಹುದು. ಅವರು ಬಹಳ ಹೊತ್ತು ಜೋಕಿಂ ಅವರ ಬ್ರೆಡ್ಡನ್ನೇ ನೋಡಿದರು. ಒಂದು ಚೂರು ಮುರಿದು, ಮೂಸಿ, ತಿಂದರು. ಉಪ್ಪು ಕಡಿಮೆ ಎಂಬಂತೆ ಮುಖ ಮಾಡಿದರು. ತಿಯಾಗೊ ಮಾಂಸ ಸೀಯಲು ಬಿಟ್ಟಿದ್ದ.

"ನು," ಎಂದರು ವಿಯೊರಿಕಾ ಮತ್ತೆ. ಆಮೇಲೆ ಅವರು ಎರಡೂ ತೋಳುಗಳನ್ನು ಎದೆಗವಚಿಕೊಂಡು ಗಡಗಡ ನಡುಗಿ ತೋರಿಸಿ ಇನ್ನೊಂದು ಮಾತು ಸೇರಿಸಿದರು. ಚಳಿಗಾಲದಲ್ಲಿ ಮಾತ್ರ ಬರುವುದಿಲ್ಲ.

ಮಿಹೇಲಾ ಮೇಜಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಕುಣಿಯುತ್ತಿತ್ತು. ಅವಳನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಜೋಕಿಂ ಆಗಲೇ ಕೂಗಾಡತೊಡಗಿದ್ದರು: ಚಳಿಗಾಲದಲ್ಲೇ ಬರಬೇಕು, ಬೇಕರಿಯ ಒಲೆ ಇರುವಾಗ ಚಳಿ ಎಲ್ಲಿಯದು! ಆಸುಂತಾ ವಸಂತಕಾಲದ ಪರ ವಹಿಸಿದರು. ವಿಯೊರಿಕಾ ಇಬ್ಬರನ್ನೂ ಒಂದೇ ಸಲಕ್ಕೆ ಬೈದರು. ಬೈಯುತ್ತಲೇ, ಮಗಳ ಕಡೆ ತಿರುಗಿಯೂ ನೋಡದೆ, ಜೋಕಿಂ ಅವರ ಬ್ರೆಡ್ಡಿನ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿ, ಜಗಳ ಮುಂದುವರಿಸಿದರು.